ಅಡ್ಡಗಾಳಿಯ ಲ್ಯಾಂಡಿಂಗ್: ಕ್ರ್ಯಾಬ್ ಕಲಿಯಬೇಕಾ, ವಿಂಗ್-ಲೋ ಕಲಿಯಬೇಕಾ? ಅಭ್ಯಾಸ ಎಲ್ಲಿ ಮಾಡಬೇಕು?

ಅಡ್ಡಗಾಳಿಯಲ್ಲಿ ವಿಮಾನ ಇಳಿಸುವುದು ಹೇಗೆ ಅಂತ ಇಬ್ಬರು ಇನ್‌ಸ್ಟ್ರಕ್ಟರ್‌ಗಳನ್ನು ಕೇಳಿ ನೋಡಿ, ಎರಡು ಉತ್ತರ ಸಿಗಬಹುದು. ಒಬ್ಬರು ಮೂತಿಯನ್ನು ಗಾಳಿಯ ಕಡೆ ತಿರುಗಿಸಿಕೊಂಡೇ ರನ್‌ವೇವರೆಗೂ ಬಾ, ಚಕ್ರ ತಾಗುವ ಮುಂಚೆ ನೇರ ಮಾಡು ಅನ್ನುತ್ತಾರೆ. ಇನ್ನೊಬ್ಬರು ಮೊದಲಿಂದಲೇ ಮೂತಿ ನೇರ ಇಟ್ಟುಕೋ, ಗಾಳಿ ಬರುವ ಕಡೆಯ ರೆಕ್ಕೆ ತಗ್ಗಿಸು ಅನ್ನುತ್ತಾರೆ. ಮೊದಲನೆಯದು ಕ್ರ್ಯಾಬ್. ಎರಡನೆಯದು ವಿಂಗ್-ಲೋ, ಸೈಡ್‌ಸ್ಲಿಪ್ ಅಂತಲೂ ಕರೆಯುತ್ತಾರೆ. ಕಲಿಯುವವರಿಗೆ ತಲೆಬಿಸಿ ಶುರುವಾಗುವುದೇ ಇಲ್ಲಿ. ಯಾವುದನ್ನು ಮೊದಲು ಕಲಿಯಬೇಕು? ಸಿಮ್ಯುಲೇಟರ್‌ನಲ್ಲಿ ಕಲಿತರೆ ಸಾಕಾ? ಗಾಳಿ ಜಾಸ್ತಿ ಇರುವ ಊರಿಗೇ ಹೋಗಿ ಕಲಿಯಬೇಕಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸೆಸ್ನಾ 152, 172ರಂಥ ಸಣ್ಣ ವಿಮಾನದಲ್ಲಿ ಕಲಿಯುತ್ತಿರುವವರು ವಿಂಗ್-ಲೋ ವಿಧಾನವನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ದೂರದಿಂದ ಬರುವಾಗ ಕ್ರ್ಯಾಬ್ ಇರಲಿ, ಕೊನೆಗೆ ವಿಂಗ್-ಲೋ ಆಗಲಿ. ಸಿಮ್ಯುಲೇಟರ್ ಬೇಕು, ಆದರೆ ಅದೊಂದೇ ಸಾಲದು. ಯಾಕೆ ಅಂತ ಮುಂದೆ ನೋಡೋಣ.

ಮೊದಲು ಗಾಳಿಯ ಲೆಕ್ಕ

ಗಾಳಿ 16 ನಾಟ್ (ಗಂಟೆಗೆ ಸುಮಾರು 30 ಕಿ.ಮೀ.) ಇದೆ ಅಂದ ಮಾತ್ರಕ್ಕೆ ಅಡ್ಡಗಾಳಿ 16 ನಾಟ್ ಅಲ್ಲ. ಗಾಳಿ ರನ್‌ವೇಗೆ ಎಷ್ಟು ಕೋನದಲ್ಲಿ ಬರುತ್ತಿದೆ ಅನ್ನುವುದರ ಮೇಲೆ ಅದು ನಿಂತಿದೆ. 30 ಡಿಗ್ರಿ ಆದರೆ ಗಾಳಿಯ ಅರ್ಧ ಅಡ್ಡ ಬೀಸುತ್ತದೆ. 45 ಆದರೆ ಸುಮಾರು ಮುಕ್ಕಾಲು. 60 ದಾಟಿದರೆ ಪೂರ್ತಿ ಅಂತಲೇ ಇಟ್ಟುಕೊಳ್ಳಿ, ತಪ್ಪಾದರೂ ಸುರಕ್ಷಿತ ಕಡೆಗೇ ತಪ್ಪುತ್ತೀರಿ.

ಬೆಂಗಳೂರಿನ ಜಕ್ಕೂರಿನ ರನ್‌ವೇ 08/26, ಅಂದರೆ ಒಂದು ಕಡೆಯಿಂದ ಇಳಿದರೆ ಮೂತಿ ದಿಕ್ಸೂಚಿಯ ಸುಮಾರು 80 ಡಿಗ್ರಿಗೆ, ಇನ್ನೊಂದು ಕಡೆಯಿಂದ 260 ಡಿಗ್ರಿಗೆ ಇರುತ್ತದೆ. ಮಳೆಗಾಲದಲ್ಲಿ ಪಶ್ಚಿಮದ ಗಾಳಿ ಜೋರಾಗಿರುವಾಗ 26ರ ಮೇಲೆ ಇಳಿಯುತ್ತೀರಿ ಅಂದುಕೊಳ್ಳಿ. ಗಾಳಿ 230 ಡಿಗ್ರಿಯಿಂದ 16 ನಾಟ್ ಇದ್ದರೆ ವ್ಯತ್ಯಾಸ 30 ಡಿಗ್ರಿ, ಅಡ್ಡಗಾಳಿ 8 ನಾಟ್. ಅದೇ ಗಾಳಿ 200 ಡಿಗ್ರಿಗೆ ತಿರುಗಿದರೆ ಅಡ್ಡಗಾಳಿ ಸುಮಾರು 14 ನಾಟ್. ಗಾಳಿಯ ವೇಗ ಒಂದಿಷ್ಟೂ ಬದಲಾಗಿಲ್ಲ, ಕೆಲಸ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಕಂಟ್ರೋಲ್ ಟವರ್ ಗಾಳಿಯ ದಿಕ್ಕು ಹೇಳಿದ ಕೂಡಲೇ ಈ ಲೆಕ್ಕ ತಲೆಯಲ್ಲಿ ಓಡಬೇಕು. ಅದಕ್ಕೆ ಕಂಪ್ಯೂಟರ್ ಬೇಡ, ಅಭ್ಯಾಸ ಸಾಕು.

ಇನ್ನು ವಿಮಾನದ ಕೈಪಿಡಿಯಲ್ಲಿರುವ ಸಂಖ್ಯೆ. ಸೆಸ್ನಾ 172ರಲ್ಲಿ 15 ನಾಟ್, 152ರಲ್ಲಿ 12 ನಾಟ್ ಅಂತ ಇರುತ್ತದೆ. ಇದನ್ನು ಬಹಳ ಜನ ತಪ್ಪು ತಿಳಿದುಕೊಳ್ಳುತ್ತಾರೆ. ವಿಮಾನ ಮಾಡಿದ ಕಂಪನಿ ಪರೀಕ್ಷೆಯ ಹೊತ್ತಿಗೆ ಅಷ್ಟು ಅಡ್ಡಗಾಳಿಯಲ್ಲಿ ಇಳಿಸಿ ತೋರಿಸಿದೆ ಅಂತ ಅದರ ಅರ್ಥ. ಅದಕ್ಕಿಂತ ಜಾಸ್ತಿ ಗಾಳಿಯಲ್ಲಿ ವಿಮಾನ ಇಳಿಸಲು ಆಗುವುದಿಲ್ಲ ಅಂತಲೂ ಅಲ್ಲ, ಅಷ್ಟರೊಳಗೆ ಯಾರು ಬೇಕಾದರೂ ಇಳಿಸಬಹುದು ಅಂತಲೂ ಅಲ್ಲ. ಕಲಿಯುವವರಿಗೆ ಎರಡನೆಯದೇ ಅಪಾಯ. ತೋರಿಸಿದವರು ಪಳಗಿದ ಪರೀಕ್ಷಾ ಪೈಲಟ್‌ಗಳು ಅನ್ನುವುದು ನೆನಪಿರಲಿ. ನಿಮ್ಮ ಮಿತಿ ನೀವು ಮತ್ತು ನಿಮ್ಮ ಇನ್‌ಸ್ಟ್ರಕ್ಟರ್ ಕೂತು ಗೊತ್ತುಮಾಡಬೇಕಾದ ವಿಷಯ.

ಕ್ರ್ಯಾಬ್: ಬರುವಾಗ ಹಾಯಾಗಿ, ಇಳಿಯುವಾಗ ಅವಸರ

ತುಂಬಿದ ಹೊಳೆಯಲ್ಲಿ ದೋಣಿ ನಡೆಸುವವರು ಎದುರಿನ ದಡದ ಕಡೆಗೇ ಮೂತಿ ಇಡುವುದಿಲ್ಲ. ಸ್ವಲ್ಪ ಮೇಲಕ್ಕೆ, ಹರಿವಿನ ಎದುರಿಗೆ ತಿರುಗಿಸಿ ಹುಟ್ಟು ಹಾಕುತ್ತಾರೆ. ದೋಣಿ ಓರೆಯಾಗಿ ಕಂಡರೂ ಹೋಗುವುದು ನೇರ. ಕ್ರ್ಯಾಬ್ ಅಂದರೆ ಇಷ್ಟೇ. ರೆಕ್ಕೆಗಳು ಮಟ್ಟವಾಗಿರುತ್ತವೆ, ರಡ್ಡರ್ (ಕಾಲಿನ ಪೆಡಲ್ ಒತ್ತಿ ಮೂತಿಯನ್ನು ಪಕ್ಕಕ್ಕೆ ತಿರುಗಿಸುವ ಬಾಲದ ಫಲಕ) ಒತ್ತುವ ಕೆಲಸ ಇಲ್ಲ, ಕೂತವರಿಗೂ ಪಕ್ಕಕ್ಕೆ ಜಾರಿದ ಹಾಗೆ ಅನಿಸುವುದಿಲ್ಲ. ಮುಂದಿನ ಗಾಜಿನಲ್ಲಿ ರನ್‌ವೇ ಸ್ವಲ್ಪ ಪಕ್ಕಕ್ಕೆ ಕಾಣಿಸುತ್ತದೆ, ಅಷ್ಟೇ.

ಎಷ್ಟು ಓರೆ? 65 ನಾಟ್‌ನಲ್ಲಿ ಬರುತ್ತಿರುವ ಸೆಸ್ನಾ 172ಕ್ಕೆ 12 ನಾಟ್ ಅಡ್ಡಗಾಳಿ ಇದ್ದರೆ ಮೂತಿ ಸುಮಾರು 11 ಡಿಗ್ರಿ ತಿರುಗಿರಬೇಕು. ಅದೇ ಗಾಳಿಯಲ್ಲಿ 135 ನಾಟ್‌ನಲ್ಲಿ ಬರುವ ಏರ್‌ಬಸ್‌ಗೆ 5 ಡಿಗ್ರಿ ಸಾಕು. ಸಣ್ಣ ವಿಮಾನಕ್ಕೆ ಅಡ್ಡಗಾಳಿ ಯಾಕೆ ಅಷ್ಟು ಕಾಡುತ್ತದೆ ಅನ್ನುವುದು ಈ ಎರಡು ಸಂಖ್ಯೆಯಲ್ಲೇ ಇದೆ. ನಿಧಾನಕ್ಕೆ ಹಾರುವ ವಿಮಾನಕ್ಕೆ ಗಾಳಿಯ ಪಾಲು ದೊಡ್ಡದು.

ತೊಂದರೆ ಇರುವುದು ಕೊನೆಯಲ್ಲಿ. ಇಳಿಯುವಾಗ ಎರಡು ಸಂಗತಿ ಒಟ್ಟಿಗೆ ಸರಿ ಇರಬೇಕು. ವಿಮಾನ ಪಕ್ಕಕ್ಕೆ ಸರಿಯುತ್ತಿರಬಾರದು. ಮೂತಿ ರನ್‌ವೇಯ ಉದ್ದಕ್ಕೆ ನೇರ ಇರಬೇಕು. ಕ್ರ್ಯಾಬ್ ಮೊದಲನೆಯದನ್ನು ಸರಿಮಾಡುತ್ತದೆ, ಎರಡನೆಯದನ್ನು ಬಾಕಿ ಉಳಿಸುತ್ತದೆ. ಹಾಗಾಗಿ ಫ್ಲೇರ್ (ನೆಲದ ಹತ್ತಿರ ಮೂತಿ ಸ್ವಲ್ಪ ಎತ್ತಿ ವೇಗ ಇಳಿಸುವ ಹಂತ) ಹೊತ್ತಿಗೆ, ಚಕ್ರ ತಾಗುವ ಮುಂಚಿನ ಕ್ಷಣದಲ್ಲಿ ರಡ್ಡರ್ ಒತ್ತಿ ಮೂತಿಯನ್ನು ನೇರ ಮಾಡಬೇಕು. ಬೇಗ ಮಾಡಿದರೆ ಗಾಳಿ ವಿಮಾನವನ್ನು ಪಕ್ಕಕ್ಕೆ ತಳ್ಳಲು ಶುರುಮಾಡುತ್ತದೆ. ತಡವಾದರೆ ಓರೆಯಾಗಿಯೇ ಚಕ್ರ ತಾಗುತ್ತದೆ, ಟೈರು ಕಿರುಚುತ್ತದೆ, ಲ್ಯಾಂಡಿಂಗ್ ಗೇರ್ ಮೇಲೆ ಅಡ್ಡ ಹೊರೆ ಬೀಳುತ್ತದೆ, ಮೂತಿ ದಿಢೀರನೆ ತಿರುಗುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ರಡ್ಡರ್ ಒತ್ತಿ ಮೂತಿ ತಿರುಗಿಸಿದಾಗ ಗಾಳಿ ಬರುವ ಕಡೆಯ ರೆಕ್ಕೆ ಮುಂದಕ್ಕೆ ಬೀಸಿ ಮೇಲೇಳುತ್ತದೆ. ಅದೇ ಹೊತ್ತಿಗೆ ರೆಕ್ಕೆಯನ್ನು ಎತ್ತುವ-ತಗ್ಗಿಸುವ ಫಲಕವಾದ ಐಲರಾನ್‌ ಕೊಟ್ಟು ಅದನ್ನು ಕೆಳಗೆ ಹಿಡಿಯಬೇಕು. ಅಂದರೆ ಕ್ರ್ಯಾಬ್ ಹಿಡಿದು ಬಂದವರೂ ಕೊನೆಯ ಒಂದೆರಡು ಸೆಕೆಂಡಿನಲ್ಲಿ ವಿಂಗ್-ಲೋ ಮಾಡಲೇಬೇಕು. ಅದೂ ಅವಸರದಲ್ಲಿ. ಕಲಿಯುವವರಿಗೆ ನಾನು ವಿಂಗ್-ಲೋ ಮೊದಲು ಅನ್ನುವುದಕ್ಕೆ ಮುಖ್ಯ ಕಾರಣ ಇದೇ.

ವಿಂಗ್-ಲೋ: ಬರುವಾಗ ಕಷ್ಟ, ಇಳಿಯುವಾಗ ನಿರಾಳ

ಇಲ್ಲಿ ಕೈಗೆ ಒಂದು ಕೆಲಸ, ಕಾಲಿಗೆ ಇನ್ನೊಂದು. ಗಾಳಿ ಎಡದಿಂದ ಬರುತ್ತಿದೆ ಅನ್ನಿ. ಎಡ ರೆಕ್ಕೆಯನ್ನು ಸ್ವಲ್ಪ ತಗ್ಗಿಸುತ್ತೀರಿ. ವಿಮಾನ ಎಡಕ್ಕೆ, ಅಂದರೆ ಗಾಳಿಯ ಕಡೆಗೆ ಜಾರಲು ನೋಡುತ್ತದೆ. ಗಾಳಿ ಬಲಕ್ಕೆ ತಳ್ಳುತ್ತಿದೆ. ಎರಡೂ ಸರಿಸಮ ಆದಾಗ ವಿಮಾನ ರನ್‌ವೇಯ ನಡುಗೆರೆ, ಅಂದರೆ ಸೆಂಟರ್‌ಲೈನ್ ಮೇಲೆಯೇ ನಿಲ್ಲುತ್ತದೆ. ಆದರೆ ರೆಕ್ಕೆ ವಾಲಿದರೆ ವಿಮಾನ ತಿರುಗಲೂ ನೋಡುತ್ತದಲ್ಲ, ಅದನ್ನು ತಡೆಯಲು ಬಲಗಾಲಿನ ರಡ್ಡರ್. ರೆಕ್ಕೆ ಜಾರುವುದನ್ನು ನೋಡಿಕೊಳ್ಳುತ್ತದೆ, ಕಾಲು ಮೂತಿಯನ್ನು ನೋಡಿಕೊಳ್ಳುತ್ತದೆ. ಈ ಹಂಚಿಕೆಯನ್ನು ತಲೆಗೆ ಇಳಿಸಿಕೊಂಡರೆ ಅರ್ಧ ಕಲಿತ ಹಾಗೆ.

ಕೊನೆಯ ನೂರು ಅಡಿಯನ್ನು ಹತ್ತಿರದಿಂದ ನೋಡೋಣ. ಎಡಗೈ ಯೋಕ್ (ಐಲರಾನ್ ನಡೆಸುವ ಹಿಡಿಕೆ) ಮೇಲೆ, ಬಲಗೈ ಥ್ರಾಟಲ್ (ಎಂಜಿನ್ ಪವರ್‌ನ ಹಿಡಿಕೆ) ಮೇಲೆ. ಸೆಂಟರ್‌ಲೈನ್ ನಿಮ್ಮ ಎರಡು ಮೊಣಕಾಲಿನ ನಡುವೆ ಬರುವ ಹಾಗಿರಬೇಕು. ಅದು ನಿಧಾನಕ್ಕೆ ಎಡಕ್ಕೆ ಸರಿಯಿತು ಅಂದರೆ ಗಾಳಿ ನಿಮ್ಮನ್ನು ಬಲಕ್ಕೆ ಒಯ್ಯುತ್ತಿದೆ. ಎಡ ಐಲರಾನ್ ಇನ್ನೊಂಚೂರು. ಐಲರಾನ್ ಕೊಟ್ಟ ಕೂಡಲೇ ಮೂತಿ ಎಡಕ್ಕೆ ಹೊರಳಲು ನೋಡುತ್ತದೆ, ಬಲಗಾಲು ಇನ್ನೊಂಚೂರು. ನೆಲ ಹತ್ತಿರ ಬಂದ ಹಾಗೆ ಗಾಳಿ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಮರದ ಸಾಲೋ ಹ್ಯಾಂಗರೋ ಇದ್ದರೆ ಸುಳಿ ಏಳುತ್ತದೆ, ಹಾಗಾಗಿ ಕೈಕಾಲು ಒಂದೇ ಕಡೆ ನಿಲ್ಲುವ ಹಾಗಿಲ್ಲ. ಫ್ಲೇರ್‌ನಲ್ಲಿ ವೇಗ ಇಳಿದಂತೆ ಐಲರಾನ್ ಮತ್ತು ರಡ್ಡರ್ ಎರಡರ ಹಿಡಿತವೂ ಸಡಿಲವಾಗುತ್ತದೆ, ಆದ್ದರಿಂದ ಅಷ್ಟೇ ಪರಿಣಾಮಕ್ಕೆ ಜಾಸ್ತಿ ಕೊಡಬೇಕು. ಮೊದಲು ಎಡ ಚಕ್ರ ಒಂದೇ ತಾಗುತ್ತದೆ. ಒಂದೇ ಚಕ್ರದಲ್ಲಿ ಓಡುವುದು ಮೊದಮೊದಲು ಭಯ ಹುಟ್ಟಿಸುತ್ತದೆ, ಆದರೆ ಅದೇ ಸರಿಯಾದ ಲ್ಯಾಂಡಿಂಗ್. ಆಮೇಲೆ ಬಲ ಚಕ್ರ. ಕಡೆಗೆ ಮೂತಿಯ ಚಕ್ರ, ಅದು ತಾಗುವ ಹೊತ್ತಿಗೆ ರಡ್ಡರ್ ಹೆಚ್ಚುಕಡಿಮೆ ನಡುವಿಗೆ ಬಂದಿರಬೇಕು, ಯಾಕಂದ್ರೆ ಮುಂದಿನ ಚಕ್ರವೂ ಪೆಡಲ್ ಜೊತೆಗೇ ತಿರುಗುತ್ತದೆ.

ಇಷ್ಟಕ್ಕೆ ಮುಗಿಯಲಿಲ್ಲ. ಚಕ್ರ ತಾಗಿದ ಕೂಡಲೇ ಯೋಕ್ ಬಿಟ್ಟುಬಿಡುವುದು ಕಲಿಯುವವರ ಬಹಳ ಸಾಮಾನ್ಯ ತಪ್ಪು. ವೇಗ ಇಳಿದಂತೆ ಐಲರಾನ್ ಅನ್ನು ಗಾಳಿಯ ಕಡೆಗೆ ಹೆಚ್ಚಿಸುತ್ತಾ ಹೋಗಬೇಕು. ವಿಮಾನ ನಡೆಯುವ ವೇಗಕ್ಕೆ ಬಂದಾಗ ಯೋಕ್ ಪೂರ್ತಿ ಎಡಕ್ಕೆ ತಿರುಗಿರಬೇಕು. ಪರೀಕ್ಷೆ ಬಹಳ ಸುಲಭ: ವಿಮಾನ ರನ್‌ವೇ ಬಿಟ್ಟು ಹೊರಬಂದಾಗ ಯೋಕ್ ಎಲ್ಲಿದೆ ನೋಡಿಕೊಳ್ಳಿ. ನಡುವೆ ಇದ್ದರೆ ನೀವು ಲ್ಯಾಂಡಿಂಗ್ ಮುಗಿಯುವ ಮೊದಲೇ ಕೈ ಬಿಟ್ಟಿದ್ದೀರಿ.

ಈ ವಿಧಾನಕ್ಕೂ ಮಿತಿ ಇದೆ. ಗಾಳಿ ಹೆಚ್ಚಾದ ಹಾಗೆ ರೆಕ್ಕೆ ಇನ್ನಷ್ಟು ತಗ್ಗಬೇಕು, ರಡ್ಡರ್ ಇನ್ನಷ್ಟು ಒತ್ತಬೇಕು. ಒಂದು ಹಂತದಲ್ಲಿ ಪೆಡಲ್ ಕೊನೆ ಮುಟ್ಟುತ್ತದೆ. ರಡ್ಡರ್ ಪೂರ್ತಿ ಒತ್ತಿದರೂ ಮೂತಿ ನೇರ ನಿಲ್ಲುತ್ತಿಲ್ಲ ಅಂದರೆ ಆ ಗಾಳಿ ಆ ರನ್‌ವೇಗೆ ಜಾಸ್ತಿ. ಇದು ವಿಂಗ್-ಲೋ ವಿಧಾನದ ದೊಡ್ಡ ಗುಣ ಅಂತ ನನಗೆ ಅನಿಸುತ್ತದೆ. ಆಗುವುದೋ ಇಲ್ಲವೋ ಅನ್ನುವುದನ್ನು ಇನ್ನೂ ನೂರಿನ್ನೂರು ಅಡಿ ಮೇಲಿರುವಾಗಲೇ ಹೇಳಿಬಿಡುತ್ತದೆ. ಕ್ರ್ಯಾಬ್‌ನಲ್ಲಿ ಬಂದರೆ ಅದು ಗೊತ್ತಾಗುವುದು ಐದು ಅಡಿ ಎತ್ತರದಲ್ಲಿ.

ವಿಂಗ್-ಲೋದಲ್ಲಿ ಗಾಳಿಯ ಎಳೆತ ಜಾಸ್ತಿ, ಬೇಗ ಇಳಿಯುತ್ತೀರಿ, ಹಾಗಾಗಿ ಸ್ವಲ್ಪ ಪವರ್ ಬೇಕಾಗುತ್ತದೆ. ನಿಧಾನಕ್ಕೆ ಹಾರಲು ರೆಕ್ಕೆಯ ಹಿಂದೆ ಇಳಿಬಿಡುವ ಫ್ಲಾಪ್ ಬಗ್ಗೆಯೂ ಗಮನ ಇರಲಿ. ಸೆಸ್ನಾ 172ರ ಕೈಪಿಡಿ ಜೋರು ಅಡ್ಡಗಾಳಿಯಲ್ಲಿ ರನ್‌ವೇ ಉದ್ದಕ್ಕೆ ಬೇಕಾದಷ್ಟೇ ಕಡಿಮೆ ಫ್ಲಾಪ್ ಬಳಸಲು ಹೇಳುತ್ತದೆ. 20 ಡಿಗ್ರಿಗಿಂತ ಜಾಸ್ತಿ ಫ್ಲಾಪ್ ಹಾಕಿ ಪೂರ್ತಿ ರಡ್ಡರ್‌ನಲ್ಲಿ ಸ್ಲಿಪ್ ಮಾಡಿದರೆ ಎಲಿವೇಟರ್ (ಮೂತಿಯನ್ನು ಏರಿಳಿಸುವ ಬಾಲದ ಫಲಕ) ಅಲುಗಾಡಬಹುದು ಅಂತಲೂ ಎಚ್ಚರಿಸುತ್ತದೆ. ಅದೇ ಕೈಪಿಡಿ ಕ್ರ್ಯಾಬ್ ಅಥವಾ ಎರಡನ್ನೂ ಸೇರಿಸಿದ ವಿಧಾನ ಬಳಸಬಹುದು, ಆದರೆ ಹಿಡಿತ ಚೆನ್ನಾಗಿ ಸಿಗುವುದು ವಿಂಗ್-ಲೋದಲ್ಲಿ ಅನ್ನುತ್ತದೆ. ವಿಮಾನ ಮಾಡಿದವರೇ ಹೀಗೆ ಹೇಳಿರುವಾಗ ಕಲಿಯುವವರು ಅಲ್ಲಿಂದಲೇ ಶುರುಮಾಡುವುದು ಒಳ್ಳೆಯದು, ಅಲ್ವಾ?

ದೊಡ್ಡ ವಿಮಾನದವರು ಬೇರೆ ಮಾಡುತ್ತಾರಲ್ಲ?

ಹೌದು. ಕಾರಣ ವಿಮಾನದ ಆಕಾರ. ಸೆಸ್ನಾದ ರೆಕ್ಕೆ ತಲೆಯ ಮೇಲಿದೆ, ಒಂಚೂರು ವಾಲಿದರೆ ನೆಲಕ್ಕೆ ತಾಗುವ ಭಯ ಇಲ್ಲ. ಬೋಯಿಂಗ್ 737, ಏರ್‌ಬಸ್ 320ರಲ್ಲಿ ರೆಕ್ಕೆ ಕೆಳಗಿದೆ, ಅದರ ಕೆಳಗೆ ಎಂಜಿನ್ ತೂಗುತ್ತಿದೆ. ಜಾಸ್ತಿ ವಾಲಿಸಿದರೆ ಎಂಜಿನ್ನೋ ರೆಕ್ಕೆಯ ತುದಿಯೋ ರನ್‌ವೇಗೆ ಉಜ್ಜುತ್ತದೆ. ಅದಕ್ಕೇ ಅವರು ಕ್ರ್ಯಾಬ್‌ನಲ್ಲಿ ಬಂದು ಫ್ಲೇರ್‌ನಲ್ಲಿ ನೇರ ಮಾಡುತ್ತಾರೆ. ಗಾಳಿ ತುಂಬಾ ಜೋರಾಗಿದ್ದರೆ ಪೂರ್ತಿ ನೇರ ಮಾಡದೆ ಸ್ವಲ್ಪ ಓರೆ, ಸ್ವಲ್ಪ ವಾಲು ಎರಡನ್ನೂ ಉಳಿಸಿಕೊಂಡು ಇಳಿಸುತ್ತಾರೆ. ಏರ್‌ಬಸ್ ಇದಕ್ಕೆ ಕೊಡುವ ಅಂದಾಜು ಎರಡೂ 5 ಡಿಗ್ರಿ ಒಳಗಿರಲಿ ಅಂತ. ಬೋಯಿಂಗ್ ಕ್ರ್ಯಾಬ್‌ನಲ್ಲೇ ಚಕ್ರ ತಾಗಿಸುವುದನ್ನೂ ಒಂದು ವಿಧಾನವಾಗಿ ಕಲಿಸುತ್ತದೆ. ಅವುಗಳ ಲ್ಯಾಂಡಿಂಗ್ ಗೇರ್ ಅಷ್ಟು ಗಟ್ಟಿ. ಸಣ್ಣ ವಿಮಾನದಲ್ಲಿ ಅದನ್ನು ನಕಲು ಮಾಡಬೇಡಿ.

ಈ ಓರೆಯ ಸಮಸ್ಯೆಯನ್ನು ಪೈಲಟ್‌ನಿಂದ ತೆಗೆದು ವಿಮಾನಕ್ಕೇ ವಹಿಸಿದ ಉದಾಹರಣೆಗಳೂ ಇವೆ. ಅಮೆರಿಕದ ಬಿ-52 ಬಾಂಬರ್‌ನ ಚಕ್ರಗಳನ್ನೇ 20 ಡಿಗ್ರಿವರೆಗೆ ತಿರುಗಿಸಿಕೊಳ್ಳಬಹುದು. ಮೂತಿ ಓರೆ, ಚಕ್ರ ನೇರ, ಹಾಗೇ ಇಳಿಯುತ್ತದೆ. 1937ರಲ್ಲಿ ಮೊದಲು ಹಾರಿದ ಎರ್ಕೂಪ್ ಅನ್ನುವ ಪುಟ್ಟ ವಿಮಾನದಲ್ಲಿ ರಡ್ಡರ್ ಪೆಡಲ್ಲೇ ಇರಲಿಲ್ಲ. ಕ್ರ್ಯಾಬ್‌ನಲ್ಲೇ ಇಳಿಸಬೇಕಿತ್ತು, ಅದಕ್ಕೆ ತಕ್ಕಂತೆ ಲ್ಯಾಂಡಿಂಗ್ ಗೇರ್ ಮಾಡಿದ್ದರು.

ಇಂಥ ಜೋರು ಗಾಳಿಯಲ್ಲಿ ಆಟೋಪೈಲಟ್ಟೇ ಇಳಿಸುತ್ತದೆ ಅಂದುಕೊಂಡವರು ಬಹಳ. ವಾಸ್ತವ ತಿರುಗುಮುರುಗು. ಏರ್‌ಬಸ್ 320ರಲ್ಲಿ ಪೈಲಟ್ ಕೈಯಲ್ಲಿ ಇಳಿಸಿ ತೋರಿಸಿರುವ ಅಡ್ಡಗಾಳಿ 33 ನಾಟ್, ರಭಸ (ಗಾಳಿ ಥಟ್ಟನೆ ಏರುವಾಗಿನ ವೇಗ) 38ರವರೆಗೆ. ಆಟೋಲ್ಯಾಂಡ್‌ಗೆ ಮಿತಿ 20 ನಾಟ್. ಮಂಜಿನಲ್ಲಿ ಯಂತ್ರ ಮುಂದೆ, ಗಾಳಿಯಲ್ಲಿ ಮನುಷ್ಯ ಮುಂದೆ. ಏರ್‌ಲೈನ್‌ಗೆ ಹೋಗುವ ಕನಸಿದ್ದವರು ಸಣ್ಣ ವಿಮಾನದಲ್ಲಿ ಕಾಲಿನ ಕೆಲಸ ಕಲಿಯದೆ ಹೋಗಬಾರದು ಅನ್ನುವುದು ಇದಕ್ಕೇ.

ಹಾಗಾದರೆ ಆಯ್ಕೆ?

ಸಣ್ಣ ವಿಮಾನದವರಿಗೆ ಎರಡನ್ನೂ ಸೇರಿಸುವುದೇ ಸರಿ: ಫೈನಲ್‌ನ (ರನ್‌ವೇಗೆ ನೇರವಾಗಿ ಬರುವ ಕೊನೆಯ ದಾರಿಯ) ಬಹುಭಾಗ ಕ್ರ್ಯಾಬ್, ಕೊನೆಗೆ ವಿಂಗ್-ಲೋ. ಪ್ರಶ್ನೆ ಇರುವುದು ಎಲ್ಲಿ ಬದಲಾಯಿಸಬೇಕು ಅನ್ನುವುದರಲ್ಲಿ. ಹೊಸಬರು 300 ಅಡಿಯಲ್ಲೇ ಬದಲಾಯಿಸಲಿ. ಗಾಳಿಗೆ ಎಷ್ಟು ವಾಲು ಬೇಕು ಅಂತ ಹುಡುಕಿಕೊಳ್ಳಲು ಸಮಯ ಸಿಗುತ್ತದೆ. ಕೈ ಕೂತ ಹಾಗೆ 200ಕ್ಕೆ, 100ಕ್ಕೆ ಇಳಿಸುತ್ತಾ ಬನ್ನಿ. ಚೆನ್ನಾಗಿ ಪಳಗಿದವರು ಫ್ಲೇರ್‌ನಲ್ಲೇ ಬದಲಾಯಿಸುತ್ತಾರೆ, ಹೊರಗಿಂದ ನೋಡಿದರೆ ಅದು ಕ್ರ್ಯಾಬ್ ವಿಧಾನದ ಹಾಗೇ ಕಾಣುತ್ತದೆ. ಇನ್‌ಸ್ಟ್ರಕ್ಟರ್‌ಗಳ ನಡುವಿನ ಜಗಳ ಬಹಳ ಸಲ ಈ ಎತ್ತರದ ಬಗ್ಗೆ ಮಾತ್ರ.

ತಗ್ಗು ರೆಕ್ಕೆಯ ಡೈಮಂಡ್‌ನಂಥ ತರಬೇತಿ ವಿಮಾನದಲ್ಲೂ ಇದೇ ಕ್ರಮ ನಡೆಯುತ್ತದೆ, ವಾಲಿಸುವಾಗ ಮಾತ್ರ ರೆಕ್ಕೆಯ ತುದಿ ನೆನಪಿರಲಿ. ಬಾಲದ ಚಕ್ರದ ವಿಮಾನದಲ್ಲಿ ಕಲಿಯುವ ಅವಕಾಶ ಸಿಕ್ಕರೆ ಬಿಡಬೇಡಿ. ಅವುಗಳ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ, ಓರೆಯಾಗಿ ಇಳಿದರೆ ಓರೆ ಇನ್ನೂ ಹೆಚ್ಚಾಗಿ ವಿಮಾನ ಗಿರಕಿ ಹೊಡೆಯಬಹುದು. ಮೂತಿಚಕ್ರದ ವಿಮಾನ ಸಣ್ಣ ತಪ್ಪನ್ನು ತಾನೇ ಸರಿಮಾಡಿಕೊಳ್ಳುತ್ತದೆ, ಬಾಲದ ಚಕ್ರದ್ದು ಕ್ಷಮಿಸುವುದಿಲ್ಲ. ಕಾಲು ಚುರುಕಾಗಲು ಅದಕ್ಕಿಂತ ಒಳ್ಳೆ ಗುರು ಇಲ್ಲ.

ಅಭ್ಯಾಸ: ಸಿಮ್ಯುಲೇಟರ್ ಅಥವಾ ನಿಜವಾದ ಗಾಳಿ?

ಮನೆಯ ಕಂಪ್ಯೂಟರ್‌ನಲ್ಲಿ ಎಕ್ಸ್-ಪ್ಲೇನ್, ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಇಟ್ಟುಕೊಂಡವರು ಬಹಳ ಇದ್ದಾರೆ. ರಡ್ಡರ್ ಪೆಡಲ್ ಇದ್ದರೆ ಮಾತ್ರ ಅಡ್ಡಗಾಳಿಗೆ ಅದು ಉಪಯೋಗ. ಜಾಯ್‌ಸ್ಟಿಕ್ ತಿರುಚಿ ರಡ್ಡರ್ ಕೊಡುವ ಅಭ್ಯಾಸ ಆದರೆ ಕಾಲು ಸುಮ್ನೆ ಕೂತಿರುವುದನ್ನೇ ಕಲಿತುಬಿಡುತ್ತದೆ. ಪೆಡಲ್ ಇದ್ದರೆ ಕ್ರಮ ಗಟ್ಟಿಯಾಗುತ್ತದೆ: ಯಾವ ಕೈ, ಯಾವ ಕಾಲು, ಯಾವಾಗ. ಎಡಗಾಳಿಗೆ ಬಲಗಾಲು ಅನ್ನುವುದು ಯೋಚಿಸದೆ ಬರುವಷ್ಟು ಮಾಡಿಕೊಳ್ಳಬಹುದು. ಸಿಗದೇ ಇರುವುದು ಒಂದೇ, ಆದರೆ ಅದು ದೊಡ್ಡದು. ವಿಮಾನ ಪಕ್ಕಕ್ಕೆ ಜಾರಲು ಶುರುಮಾಡಿದ್ದು ಮೊದಲು ಗೊತ್ತಾಗುವುದು ಕಣ್ಣಿಗಿಂತ ಹೆಚ್ಚಾಗಿ ಸೀಟಿನಲ್ಲಿ ಕೂತ ಮೈಗೆ. ಪರದೆ ಅದನ್ನು ಕೊಡಲಾರದು.

ಅಮೆರಿಕದ ರೆಡ್‌ಬರ್ಡ್ ಕಂಪನಿ ಅಡ್ಡಗಾಳಿಗೆ ಅಂತಲೇ ಎಕ್ಸ್‌ವಿಂಡ್ ಹೆಸರಿನ ಯಂತ್ರ ಮಾಡಿದೆ. ಕಾಕ್‌ಪಿಟ್ಟೇ ಪಕ್ಕಕ್ಕೆ ಜಾರುತ್ತದೆ, ವಾಲುತ್ತದೆ, ತಿರುಗುತ್ತದೆ. ನಿಜವಾದ ಲ್ಯಾಂಡಿಂಗ್‌ನಲ್ಲಿ ಕೆಲವೇ ಸೆಕೆಂಡು ಸಿಗುವ ಆ ಕೊನೆಯ ಹಂತವನ್ನು ಅದರಲ್ಲಿ ನಿಮಿಷಗಟ್ಟಲೆ ಮಾಡುತ್ತಾ ಇರಬಹುದು. ಅಂಥದ್ದು ಸಿಗುವ ಕಡೆ ತರಬೇತಿ ಪಡೆಯುತ್ತಿದ್ದರೆ ಹಣ ಕೊಟ್ಟು ಹತ್ತಿ.

ಏರ್‌ಲೈನ್‌ಗಳ ಕೋಟಿಗಟ್ಟಲೆ ಬೆಲೆಯ ಸಿಮ್ಯುಲೇಟರ್‌ಗಳಿಗೂ ಕೊರತೆ ಇದ್ದದ್ದು ಡೆನ್ವರ್‌ನಲ್ಲಿ ಬೆಳಕಿಗೆ ಬಂತು. 2008ರ ಡಿಸೆಂಬರ್ 20ರಂದು ಕಾಂಟಿನೆಂಟಲ್ ಏರ್‌ಲೈನ್ಸ್‌ನ ಬೋಯಿಂಗ್ 737 ಅಲ್ಲಿ ಟೇಕಾಫ್ ಓಟದಲ್ಲಿ ಅಡ್ಡಗಾಳಿಗೆ ಸಿಕ್ಕು ರನ್‌ವೇ ಬಿಟ್ಟು ಪಕ್ಕಕ್ಕೆ ನುಗ್ಗಿತು. ರಭಸ 45 ನಾಟ್‌ನಷ್ಟಿತ್ತು. ಯಾರೂ ಸಾಯಲಿಲ್ಲ, ಹಲವರಿಗೆ ಗಾಯವಾಯಿತು. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಪೈಲಟ್ ರಡ್ಡರ್ ಒತ್ತುವುದನ್ನು ನಿಲ್ಲಿಸಿದ್ದನ್ನು ಗುರುತಿಸಿತು. ಜೊತೆಗೆ ಸಿಮ್ಯುಲೇಟರ್‌ಗಳಲ್ಲಿ ರಭಸದ ಗಾಳಿ ನಿಜದ ಹಾಗೆ ಬರುತ್ತಿರಲಿಲ್ಲ, ಹಾಗಾಗಿ ತರಬೇತಿಯೇ ಸಾಲದಾಗಿತ್ತು ಅಂತಲೂ ಹೇಳಿತು. ರಭಸ ಹಾಕಿಕೊಳ್ಳದಿದ್ದರೆ ಸಿಮ್‌ನ ಗಾಳಿ ಒಂದೇ ಸಮ ಬೀಸುತ್ತದೆ. ಒಂದು ಸಲ ಸರಿಯಾದ ಜಾಗಕ್ಕೆ ಕೈಕಾಲು ತಂದರೆ ಅಲ್ಲೇ ಇಟ್ಟುಕೊಂಡು ಇಳಿಯಬಹುದು. ಹೊರಗಿನ ಗಾಳಿ ಹಾಗಿಲ್ಲ. ನೀವು ಸಿಮ್‌ನಲ್ಲಿ ಅಭ್ಯಾಸ ಮಾಡುವಾಗ ರಭಸ ಮತ್ತು ದಿಕ್ಕಿನ ಬದಲಾವಣೆಯನ್ನು ಹಾಕಿಕೊಂಡೇ ಮಾಡಿ.

ನಿಜವಾದ ವಿಮಾನದಲ್ಲಿ, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿರುವಾಗ, ನನಗೆ ಎಲ್ಲಕ್ಕಿಂತ ಹೆಚ್ಚು ನಂಬಿಕೆ ಇರುವ ಅಭ್ಯಾಸ ಒಂದಿದೆ. ಉದ್ದದ ರನ್‌ವೇ ಇದ್ದು, ಟವರ್ ಒಪ್ಪಿದರೆ, ಇಳಿಯದೆಯೇ ಹತ್ತು-ಹದಿನೈದು ಅಡಿ ಎತ್ತರದಲ್ಲಿ ರನ್‌ವೇ ಉದ್ದಕ್ಕೂ ಹಾರುವುದು. ಪವರ್ ಇನ್‌ಸ್ಟ್ರಕ್ಟರ್ ನೋಡಿಕೊಳ್ಳಲಿ. ಮೊದಲ ಸುತ್ತಿನಲ್ಲಿ ನಿಮ್ಮ ಕೆಲಸ ಕಾಲು ಮಾತ್ರ, ಮೂತಿ ನೇರ ಇಡುವುದು. ಎರಡನೇ ಸುತ್ತಿನಲ್ಲಿ ಐಲರಾನ್ ಮಾತ್ರ. ಆಮೇಲೆ ಎರಡೂ. ಕೈಗೆ ಬಂದ ಮೇಲೆ ಬೇಕೆಂದೇ ಸೆಂಟರ್‌ಲೈನ್‌ನಿಂದ ಎಡ ಅಂಚಿಗೆ ಹೋಗಿ ನಿಲ್ಲಿಸಿ, ಅಲ್ಲಿಂದ ಬಲ ಅಂಚಿಗೆ. ಮೂತಿ ಇಡೀ ಹೊತ್ತು ರನ್‌ವೇಯ ಕೊನೆಯ ಕಡೆಗೇ. ರೆಕ್ಕೆ ವಾಲಿಸಿದಷ್ಟು ವಿಮಾನ ಪಕ್ಕಕ್ಕೆ ಹೋಗುತ್ತದೆ ಅನ್ನುವುದು ಮೈಗೆ ಹತ್ತುವುದು ಇಲ್ಲೇ. ಒಂದು ಸುತ್ತಿನಲ್ಲಿ ಅರ್ಧ ನಿಮಿಷ ಸಿಗುತ್ತದೆ. ಸಾಮಾನ್ಯ ಲ್ಯಾಂಡಿಂಗ್‌ನಲ್ಲಿ ಅಷ್ಟು ಅಭ್ಯಾಸ ಸಿಗಬೇಕಾದರೆ ಐದಾರು ಸುತ್ತು ಬೇಕು. ಒಬ್ಬರೇ ಇರುವಾಗ ಮಾತ್ರ ಇದನ್ನು ಮಾಡಬಾರದು.

ರಭಸದ ಗಾಳಿ ಇದ್ದರೆ ವೇಗ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಬೇಕು. ರೂಢಿಯ ಲೆಕ್ಕ ಹೀಗೆ: ಗಾಳಿ 15, ರಭಸ 25 ಅಂದರೆ ವ್ಯತ್ಯಾಸ 10, ಅದರ ಅರ್ಧ 5 ನಾಟ್ ಸೇರಿಸಿ.

ಎಲ್ಲಿ ಕಲಿಯಬೇಕು?

ನಮ್ಮಲ್ಲಿ ಸಿಪಿಎಲ್‌ಗೆ, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ, 200 ಗಂಟೆ ಹಾರಾಟ ಬೇಕು. ಗಂಟೆ ಬೇಗ ಮುಗಿಯಲಿ ಅಂತ ಎಲ್ಲರೂ ಬೆಳಗಿನ ಜಾವದ ಹಾರಾಟಕ್ಕೆ ಹಾತೊರೆಯುತ್ತಾರೆ. ಆಗ ಗಾಳಿ ಸತ್ತಿರುತ್ತದೆ, ಲ್ಯಾಂಡಿಂಗ್ ಬೆಣ್ಣೆ ಹಾಗೆ ಆಗುತ್ತದೆ, ಖುಷಿಯೂ ಆಗುತ್ತದೆ. ಬಿಸಿಲೇರಿದ ಮೇಲೆ ಗಾಳಿ ಏಳುತ್ತದೆ. ಬರೀ ಬೆಳಗ್ಗೆ ಹಾರಿ 200 ಗಂಟೆ ಮುಗಿಸಿದವರ ಲಾಗ್‌ಬುಕ್ ತುಂಬಿರುತ್ತದೆ, ಕಾಲು ಖಾಲಿ ಇರುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ, ಯಾಕಂದ್ರೆ ಸರಿಮಾಡುವುದು ಅಷ್ಟೇನೂ ಕಷ್ಟವಲ್ಲ. ವಾರಕ್ಕೊಂದು ಡ್ಯೂಯಲ್ (ಇನ್‌ಸ್ಟ್ರಕ್ಟರ್ ಜೊತೆಗಿನ) ಹಾರಾಟವನ್ನು ಮಧ್ಯಾಹ್ನಕ್ಕೆ ಕೇಳಿ ಪಡೆಯಿರಿ.

ಊರಿನ ಆಯ್ಕೆಯಲ್ಲಿ ರನ್‌ವೇ ದಿಕ್ಕನ್ನೂ ನೋಡಿ. ರನ್‌ವೇ ಹಾಕುವಾಗಲೇ ಆ ಊರಿನ ಗಾಳಿ ನೋಡಿ ಹಾಕಿರುತ್ತಾರೆ. ಜಕ್ಕೂರು, ಹುಬ್ಬಳ್ಳಿ, ಬೆಳಗಾವಿ ಮೂರರದ್ದೂ 08/26. ಮುಂಗಾರಿನ ಪಶ್ಚಿಮ ಗಾಳಿಗೆ ಹೆಚ್ಚುಕಡಿಮೆ ಎದುರು. ಹಾಗಾಗಿ ಗಾಳಿ ಜೋರಿದ್ದ ದಿನವೂ ಅಡ್ಡದ ಪಾಲು ಕಡಿಮೆ ಇರಬಹುದು. ನೈಋತ್ಯಕ್ಕೋ ದಕ್ಷಿಣಕ್ಕೋ ಗಾಳಿ ತಿರುಗಿದ ದಿನಗಳನ್ನು ಕಾದು ಹಿಡಿಯಬೇಕು. ಏಪ್ರಿಲ್-ಮೇ ಮಧ್ಯಾಹ್ನಗಳಲ್ಲಿ ಗಾಳಿಯ ದಿಕ್ಕು ಓಡಾಡುತ್ತದೆ, ಆದರೆ ಗುಡುಗಿನ ಮೋಡ ಹತ್ತಿರ ಇದ್ದರೆ ಅದು ಅಭ್ಯಾಸದ ಗಾಳಿಯಲ್ಲ, ನೆಲದ ಮೇಲೇ ಇರಿ. ಹೊರದೇಶಕ್ಕೆ ಹೋಗಿ ಕಲಿಯುವವರು, ಎರಡು ಮೂರು ರನ್‌ವೇ ಇರುವ ಜಾಗದಲ್ಲಿ ಟವರ್ ಸಾಮಾನ್ಯವಾಗಿ ಗಾಳಿಗೆ ಎದುರಿನದನ್ನೇ ಕೊಡುತ್ತದೆ ಅನ್ನುವುದನ್ನು ಮರೆಯಬೇಡಿ. ಅಲ್ಲಿ ಅನುಕೂಲವೂ ಇದೆ: ಟವರ್‌ಗೆ ಬಿಡುವಿದ್ದರೆ ಬೇಕೆಂದೇ ಅಡ್ಡದ ರನ್‌ವೇ ಕೇಳಬಹುದು, ಕೈಲಾಗದಿದ್ದರೆ ಎದುರಿನದಕ್ಕೆ ಹೋಗಬಹುದು. ಕಲಿಯಲು ಅದಕ್ಕಿಂತ ಒಳ್ಳೆ ಏರ್ಪಾಡು ಇಲ್ಲ.

ರನ್‌ವೇ ಬದಲಾಯಿಸುವ ಆಯ್ಕೆಗೆ ಎಷ್ಟು ಬೆಲೆ ಅಂತ ಹ್ಯಾಂಬರ್ಗ್‌ನ ಘಟನೆ ನೋಡಿ. 2008ರ ಮಾರ್ಚ್ 1, ಎಮ್ಮಾ ಅನ್ನುವ ಚಂಡಮಾರುತ. ಮ್ಯೂನಿಕ್‌ನಿಂದ ಬಂದ ಲುಫ್ತಾನ್ಸಾ ಏರ್‌ಬಸ್ 320 ರನ್‌ವೇ 23ಕ್ಕೆ ಇಳಿಯಲು ಬಂತು. ಗಾಳಿ 300 ಡಿಗ್ರಿಯಿಂದ 33 ನಾಟ್, ರಭಸ 47. ಕೋನ 70 ಡಿಗ್ರಿ, ಅಂದರೆ ಹೆಚ್ಚುಕಡಿಮೆ ಪೂರ್ತಿ ಅಡ್ಡ. ರಭಸದಲ್ಲಿ ಸುಮಾರು 44 ನಾಟ್. ಎಡ ರೆಕ್ಕೆಯ ತುದಿ ರನ್‌ವೇಗೆ ಉಜ್ಜಿತು. ಪೈಲಟ್‌ಗಳು ತಕ್ಷಣ ಗೋ ಅರೌಂಡ್ ಮಾಡಿ, ಅಂದರೆ ಇಳಿಯುವುದನ್ನು ಕೈಬಿಟ್ಟು, ಮೇಲೆದ್ದರು. ಆಮೇಲೆ ರನ್‌ವೇ 33ರಲ್ಲಿ ಇಳಿದರು. ಅದೇ ಗಾಳಿಗೆ 33ರಲ್ಲಿ ಕೋನ 30 ಡಿಗ್ರಿ, ಅಡ್ಡಗಾಳಿ ಅರ್ಧ: 17ರ ಹತ್ತಿರ, ರಭಸದಲ್ಲಿ 24. ಯಾರಿಗೂ ಗಾಯವಾಗಲಿಲ್ಲ. ಆ ವಿಡಿಯೋ ಲೋಕವೆಲ್ಲ ನೋಡಿತು. ಗೋ ಅರೌಂಡ್ ಅನ್ನೂ ಲ್ಯಾಂಡಿಂಗ್‌ನಷ್ಟೇ ಅಭ್ಯಾಸ ಮಾಡಬೇಕು, ಚಕ್ರ ತಾಗಿ ಪುಟಿದ ಮೇಲೂ ಮಾಡಲು ಬರಬೇಕು.

ಶಾಲೆಗೆ ದುಡ್ಡು ಕಟ್ಟುವ ಮುಂಚೆ ಇಷ್ಟು ಕೇಳಿ. ಗಾಳಿ ಇರುವ ದಿನ ಡ್ಯೂಯಲ್ ಹಾರಿಸುತ್ತೀರಾ, ಇಲ್ಲ ಎಲ್ಲ ರದ್ದು ಮಾಡುತ್ತೀರಾ? ಸೋಲೋ (ಒಬ್ಬರೇ) ಹೋಗುವ ವಿದ್ಯಾರ್ಥಿಗೆ ಅಡ್ಡಗಾಳಿಯ ಮಿತಿ ಎಷ್ಟು, ಅದು ಬರವಣಿಗೆಯಲ್ಲಿ ಇದೆಯಾ, ಅನುಭವ ಹೆಚ್ಚಿದಂತೆ ಏರುತ್ತದಾ? ಇನ್‌ಸ್ಟ್ರಕ್ಟರ್ ತಾವೇ ವಿಂಗ್-ಲೋದಲ್ಲಿ ಒಂದು ಲ್ಯಾಂಡಿಂಗ್ ಮಾಡಿ ತೋರಿಸುತ್ತಾರಾ? ಸಿಮ್ಯುಲೇಟರ್‌ನ ಪೆಡಲ್ ಕೆಲಸ ಮಾಡುತ್ತದಾ? ಕೊನೆಯದನ್ನು ಮಾತಿನಲ್ಲಿ ನಂಬಬೇಡಿ, ಕೂತು ಒತ್ತಿ ನೋಡಿ.